ದುರ್ಬೀನಿನೊಳಗೆ ಸೊಸೆ

ಬಂದೂಕಿನ ಬಗ್ಗೆ ನನಗೆ ಗೊತ್ತಿರುವುದು ಒಂದೇ ಮಾತು. ಅದರ ಬಾಯಿಯ ಮುಂದೆ ನಿಲ್ಲಬಾರದು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಮಾವ ಹೇಳಿಕೊಟ್ಟಿದ್ದು ಅಷ್ಟೇ. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಆಸೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅದು ಮಾವನ ಕಾಲದ ರೈಫಲ್. ಬೆಳೆ ಕಾಯಲಿಕ್ಕೆ ಅಂತ ಸರ್ಕಾರ ಲೈಸೆನ್ಸು ಕೊಟ್ಟಿತ್ತು. ಯಂಕಂಚಿಯ ನಮ್ಮ ಹೊಲಕ್ಕೆ ಕಾಡುಹಂದಿ ಬರುತ್ತವೆ. ಶೇಂಗಾ ಬಿತ್ತಿದರೆ ಶೇಂಗಾ ಅಗೆಯುತ್ತವೆ, ಗೋವಿನಜೋಳ ಹಾಕಿದರೆ ಅದನ್ನು ಮಲಗಿಸಿ ಹೋಗುತ್ತವೆ. ಮಾವ ಮುಗಿಲಿಗೆ ಒಂದು ಗುಂಡು ಹಾರಿಸುತ್ತಿದ್ದರು, ಹಂದಿ ಓಡುತ್ತಿದ್ದವು. ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿದ್ದವು. ಆ ಬಂದೂಕು ಒಂದು ಜೀವ ತೆಗೆದದ್ದನ್ನು ನಾನು ಕಂಡಿಲ್ಲ. ಮಾವ ಹೋದ ಮೇಲೆ ಲೈಸೆನ್ಸು ನನ್ನ ಗಂಡನ ಹೆಸರಿಗೆ ಆಯಿತು. ಬಂದೂಕು ಬಟ್ಟೆ ಸುತ್ತಿಕೊಂಡು ತಿಜೋರಿಯಲ್ಲಿ ನನ್ನ ಸೀರೆಗಳ ಹಿಂದೆ ಮಲಗಿತು. ವರ್ಷಕ್ಕೊಮ್ಮೆ ಮಹಾನವಮಿಯ ಖಂಡೇಪೂಜೆಗೆ ಹೊರಗೆ ಬಂದು, ವಿಭೂತಿ ಹಚ್ಚಿಸಿಕೊಂಡು, ಚೆಂಡುಹೂವು ಏರಿಸಿಕೊಂಡು ಒಳಗೆ ಹೋಗುತ್ತಿತ್ತು. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ಮಗ ಒಕ್ಕಲುತನ ವಹಿಸಿಕೊಂಡ ಮೇಲೆ ನನ್ನ ಗಂಡನಿಗೆ ಕೆಲಸ ಇಲ್ಲದಂತಾಯಿತು. ಕೆಲಸವಿಲ್ಲದ ಗಂಡಸು ಮನೆಯೊಳಗೆ ಏನಾದರೂ ಒಂದನ್ನು ಬಿಚ್ಚುತ್ತ ಕೂಡುತ್ತಾನೆ. ಮೊದಲು ಬೋರಿನ ಸ್ಟಾರ್ಟರ್ ಬಿಚ್ಚಿ ಕೆಡಿಸಿದರು. ಆಮೇಲೆ ಗೋಡೆ ಗಡಿಯಾರ. ಆಮೇಲೆ ಒಂದು ದಿನ ತಿಜೋರಿ ತೆಗೆದು ಬಂದೂಕನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಯಾವನೋ ಪರದೇಶದವನು, ಅವನ ಮುಂದೆ ಟೇಬಲ್ಲಿನ ತುಂಬ ಬಂದೂಕು. ಒಂದಕ್ಕೆ ಏನೋ ಸಿಕ್ಕಿಸುತ್ತಾನೆ, ತಿರುಗಿಸುತ್ತಾನೆ, ಇನ್ನೊಂದು ಸಿಕ್ಕಿಸುತ್ತಾನೆ. ನಮ್ಮ ಮನೆಯವರು ಬಾಯಿ ತೆರೆದು ನೋಡುತ್ತಿದ್ದರು.

"ಬಂದೂಕಕ್ಕೂ ಸಾಮಾನ ಇರತಾವ ನೋಡು," ಎಂದರು.

"ಏನ್ ಸಾಮಾನರಿ? ಅದೇನ ಮದಿವಿ ಮಾಡ್ಕೊಂಡ ಗಂಡನ ಮನಿಗೆ ಹೊಂಟೈತೇನ?"

"ನಿನಗ ತಿಳಿಯೂದಿಲ್ಲ, ಸುಮ್ಮ ಕುಂದ್ರು."

ನನಗೆ ತಿಳಿಯಲಿಲ್ಲ ಅನ್ನುವುದು ಖರೆ. ತಿಳಿದಿದ್ದರೆ ಅವತ್ತೇ ಮೊಬೈಲನ್ನು ನೀರಿನ ಹಂಡೆಗೆ ಹಾಕುತ್ತಿದ್ದೆ.

ಮೊದಲು ಬಂದದ್ದು ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ. ಸಿಂದಗಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ತೊಗಲಿನಲ್ಲಿ ಮಾಡಿಸಿಕೊಂಡು ಬಂದರು. ಇರಲಿ, ಕೈಯಲ್ಲಿ ಹಿಡಿದುಕೊಂಡು ತಿರುಗುವುದಕ್ಕಿಂತ ಹೆಗಲಿಗೆ ಹಾಕಿಕೊಂಡರೆ ಒಳ್ಳೆಯದೇ ಎಂದುಕೊಂಡೆ. ಆಮೇಲೆ ಹಿಂದಿನ ಕಟ್ಟಿಗೆಗೆ ಒಂದು ರಬ್ಬರು ಬಂತು, ಹೆಗಲು ನೋಯಬಾರದು ಎಂದು. ವರ್ಷಕ್ಕೆ ಒಂದು ಗುಂಡು ಹಾರಿಸುವವರ ಹೆಗಲು ಎಷ್ಟು ನೋಯುತ್ತದೆ, ದೇವರಿಗೇ ಗೊತ್ತು. ಆಮೇಲೆ ಬಂತು ದುರ್ಬೀನು.

ಇಂಡಿ ಪಟ್ಟಣದಲ್ಲಿ ಅವರಿಗೆ ಒಬ್ಬ ಗೆಳೆಯ. ನಿಂಬೆ ತೋಟದವನು. ಅವನ ಹತ್ತಿರವೂ ಒಂದು ಲೈಸೆನ್ಸಿನ ಬಂದೂಕು ಇತ್ತು, ಅದಕ್ಕೆ ದುರ್ಬೀನು ಇತ್ತು. ಅದನ್ನು ನೋಡಿಕೊಂಡು ಬಂದ ಮೇಲೆ ಇವರಿಗೆ ಊಟ ಸೇರಲಿಲ್ಲ. ಅವನ ಕೈಯಿಂದಲೇ ಒಂದನ್ನು ತರಿಸಿಕೊಂಡರು. ಕರಿ ಬಣ್ಣದ್ದು, ಎರಡೂ ತುದಿಗೆ ಗಾಜು. ಬಂದೂಕಿನ ಬೆನ್ನ ಮೇಲೆ ಕೂಡಿಸಿ ಬಿಗಿದರು.

ಒಂದು ಬಂದರೆ ಅದು ಸುಮ್ಮನೆ ಇರುತ್ತಿರಲಿಲ್ಲ, ಇನ್ನೊಂದನ್ನು ಕರೆಯುತ್ತಿತ್ತು. ದುರ್ಬೀನು ಎತ್ತರವಾಯಿತು, ಗಲ್ಲ ಕಟ್ಟಿಗೆಗೆ ತಾಗುತ್ತಿಲ್ಲ ಎಂದು ಗಲ್ಲಕ್ಕೆ ಒಂದು ಗಾದಿ ಬೇಕಾಯಿತು. ನನ್ನನ್ನು ಹೊಲಿ ಎಂದರು, ನಾನು ಸೂಜಿ ಸಿಗಲಿಲ್ಲ ಎಂದೆ. ಸೊಸೆ ಹೊಲಿದುಕೊಟ್ಟಳು. ಅವಳು ಮನಗೂಳಿಯವಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಮಾವ ಕೇಳಿದರೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಹೊಲಿಯುವುದು ಹೇಗೂ ಹೊಲಿಯುತ್ತಿ, ಅದರ ಪಕ್ಕಕ್ಕೆ ಗುಂಡು ಇಡಲಿಕ್ಕೆ ಐದು ಕಿಸೆಯನ್ನೂ ಮಾಡು ಎಂದರು. ಮಾಡಿದಳು. ಚೆಂದ ಹೊಲಿದಿದ್ದಳು, ಸುಳ್ಳು ಯಾಕೆ ಹೇಳಲಿ. ಹಿತ್ತಾಳೆಯ ಐದು ಗುಂಡು ಒಂದರ ಪಕ್ಕ ಒಂದು ಕೂತಿದ್ದವು.

ಇಷ್ಟಾದ ಮೇಲೆ ಬಂದೂಕು ಭಾರವಾಯಿತು. ಕೈಯಲ್ಲಿ ನಿಲ್ಲುತ್ತಿಲ್ಲ ಎಂದು ಮುಂದುಗಡೆ ಎರಡು ಕಬ್ಬಿಣದ ಕಾಲು ಬಂದವು. ಕಾಲು ಬಂದ ಮೇಲೆ ಅದನ್ನು ಊರಲಿಕ್ಕೆ ಜಾಗ ಬೇಕಾಯಿತು. ಹೊಲದ ನಡುವೆ ಒಂದು ಅಟ್ಟ ಎದ್ದಿತು. ನಾಲ್ಕು ಕಂಬ, ಮೇಲೆ ಹಲಗೆ, ಹತ್ತಲಿಕ್ಕೆ ಏಣಿ. ಕಾರಹುಣ್ಣಿಮೆಗೆ ಎತ್ತಿಗೆ ಬಣ್ಣ ಬಳಿದು, ಕೋಡಿಗೆ ಗೊಂಡೆ ಕಟ್ಟಿ, ಕೊರಳಿಗೆ ಗೆಜ್ಜೆ ಹಾಕಿ, ಬೆನ್ನಿಗೆ ಜೂಲು ಹೊದಿಸಿ ಊರೊಳಗೆ ಮೆರೆಸುತ್ತೇವಲ್ಲ, ಹಾಗೆ ಮಾಡಿದ್ದರು. ಎತ್ತಾದರೆ ಮರುದಿನ ಎಲ್ಲ ಬಿಚ್ಚಿ ಹೂಡಲಿಕ್ಕೆ ಒಯ್ಯುತ್ತೇವೆ. ಇದನ್ನು ಬಿಚ್ಚುವವರು ಯಾರೂ ಇರಲಿಲ್ಲ.

ಅಲ್ಲಿಯ ತನಕ ನನಗೆ ಬಂದಿದ್ದು ಸಿಟ್ಟು. ಅಂಜಿಕೆ ಶುರುವಾದದ್ದು ಒಂದು ದಿನ ಬುತ್ತಿ ತೆಗೆದುಕೊಂಡು ಹೋಗುವಾಗ.

ಜೋಳ ಮೊಳಕಾಲಿಗೆ ಬಂದಿತ್ತು. ಬುಟ್ಟಿ ತಲೆಯ ಮೇಲೆ ಹೊತ್ತು ಹತ್ತಿಯ ಹೊಲದ ಬದುವಿನ ಮೇಲೆ ನಡೆದಿದ್ದೆ. ದೂರದಲ್ಲಿ ಅಟ್ಟದ ಮೇಲೆ ಏನೋ ಫಳಕ್ ಎಂದಿತು. ನಿಂತೆ. ನಿಂತ ಮೇಲೆ ಅದು ಅಲ್ಲೇ ಮಿನುಗುತ್ತ ನಿಂತಿತು. ನಾಲ್ಕು ಹೆಜ್ಜೆ ಹಾಕಿದೆ. ಅದೂ ಜರುಗಿತು. ಆಗ ತಿಳಿಯಿತು ಅದು ದುರ್ಬೀನಿನ ಗಾಜು ಎಂದು. ಗಾಜು ನನ್ನ ಕಡೆ ಇದೆ ಎಂದರೆ ಬಂದೂಕಿನ ಬಾಯಿಯೂ ನನ್ನ ಕಡೆ ಇದೆ.

ಏನು ಮಾಡಬೇಕು? ಕೂತರೆ ಹಂದಿ ಎಂದುಕೊಂಡಾರು. ಓಡಿದರೆ ಚಿಗರಿ ಎಂದುಕೊಂಡಾರು. ಮನುಷ್ಯಳ ಹಾಗೆ ನೆಟ್ಟಗೆ ನಡೆಯುವುದೊಂದೇ ದಾರಿ. ನಡೆದೆ. ನನ್ನ ಎದೆಯ ಮೇಲೆ ಯಾರೋ ಬೆರಳಿಟ್ಟು ಒತ್ತಿದಂತೆ ಆಗುತ್ತಿತ್ತು, ಒಂದೇ ಕಡೆ, ಅಟ್ಟದ ಬುಡಕ್ಕೆ ಹೋಗುವ ತನಕ.

ಇವರು ಮೇಲಿನಿಂದ ನಗುತ್ತಿದ್ದರು.

"ಬೇವಿನ ಗಿಡದ ಬುಡಕ ಕುಂತ ಎಲಿ ಹಾಕ್ಕೊಂಡಿ. ಸುಣ್ಣ ಜಾಸ್ತಿ ಹಚ್ಚಿದಿ. ಎಲ್ಲಾ ಕಂಡೈತಿ ನನಗ."

"ಬಂದೂಕ ನನ್ನ ಕಡೆ ಯಾಕ ಹಿಡದ್ರಿ?"

"ಬಂದೂಕ ಎಲ್ಲಿ ಹಿಡದೆ? ದುರ್ಬೀನ ಹಿಡದಿನಿ."

"ದುರ್ಬೀನದ ಬುಡಕ ಏನೈತಿ?"

"ಗುಂಡ ಹಾಕಿಲ್ಲ ಮಾರಾಯ್ತಿ. ಖಾಲಿ ಐತಿ. ಬರೇ ನೋಡಾಕತ್ತೀನಿ."

"ನೋಡಾಕ ದೇವರು ಎರಡ ಕಣ್ಣ ಕೊಟ್ಟಿಲ್ಲೇನ?"

"ಅವು ದೂರಕ ಮುಟ್ಟೂದಿಲ್ಲ," ಎಂದು ಏಣಿ ಇಳಿದು ಬಂದು ರೊಟ್ಟಿಗೆ ಕೂತರು.

ಅವತ್ತಿನಿಂದ ಅದೇ ಅವರ ಕಣ್ಣಾಯಿತು. ಬೋರಿನ ಹತ್ತಿರ ಯಾರು ನಿಂತಿದ್ದಾರೆ, ಯಾರ ಆಕಳು ಬದು ದಾಟಿತು, ಕಳೆ ತೆಗೆಯುವ ಹೆಣ್ಣುಮಕ್ಕಳು ಮಾತಾಡುತ್ತ ಕೂತಿದ್ದಾರೋ ಕೆಲಸ ಮಾಡುತ್ತಿದ್ದಾರೋ, ಎಲ್ಲವನ್ನೂ ಬಂದೂಕು ತಿರುಗಿಸಿಯೇ ನೋಡುತ್ತಿದ್ದರು. ಮೈ ತಿರುಗಿಸುವುದಕ್ಕಿಂತ ಅದು ಸುಲಭ, ಕಬ್ಬಿಣದ ಕಾಲು ಇದ್ದವಲ್ಲ. ಊರ ಮಂದಿಯೂ ಬರತೊಡಗಿದರು. ಒಬ್ಬೊಬ್ಬರೇ ಏಣಿ ಹತ್ತಿ, ಒಂದು ಕಣ್ಣು ಮುಚ್ಚಿ, ತಮ್ಮ ತಮ್ಮ ಹೊಲ ನೋಡಿ, ಏನ್ ಚಂದ ಕಾಣತೈತಿ ಗೌಡ್ರ ಎಂದು ಇಳಿಯುತ್ತಿದ್ದರು. ಯಾರಿಗೂ ಅದು ಬಂದೂಕಾಗಿ ಉಳಿದಿರಲಿಲ್ಲ. ನನಗೊಬ್ಬಳಿಗೇ ಉಳಿದಿತ್ತು.

ನಾನು ಹೊಲಕ್ಕೆ ಹೋಗುವ ದಾರಿ ಬದಲಿಸಿದೆ. ಹಳ್ಳದ ಒಳಗೆ ಇಳಿದು, ಸುತ್ತು ಹಾಕಿ, ಅಟ್ಟದ ಬೆನ್ನ ಕಡೆಯಿಂದ ಹೋಗುತ್ತಿದ್ದೆ. ಬರೇ ಕೆಂಪು ಸೀರೆಯನ್ನೇ ಉಡತೊಡಗಿದೆ, ದೂರಕ್ಕೆ ಹೆಂಗಸು ಎಂದು ತಿಳಿಯಲಿ ಎಂದು. ಹೊಲದಲ್ಲಿ ಬಗ್ಗಿ ಏನಾದರೂ ಆರಿಸುವಾಗ ಬೆನ್ನು ಜುಮ್ ಎನ್ನುತ್ತಿತ್ತು. ಮನೆಯಲ್ಲಿ ಬೀಸುವಾಗ, ಕೇರುವಾಗ, ಹಿಂದೆ ಯಾರೋ ನೋಡುತ್ತಿದ್ದಾರೆ ಎನ್ನಿಸಿ ತಿರುಗುತ್ತಿದ್ದೆ. ಮಗನಿಗೆ ಹೇಳಿದೆ.

"ಯವ್ವಾ, ಖಾಲಿ ಇರತೈತಿ. ಅಪ್ಪಗ ಅಷ್ಟ ತಿಳಿಯಾಂಗಿಲ್ಲೇನ? ಅವ್ರಿಗೂ ಹೊತ್ತ ಹೋಗಬೇಕಲ್ಲ."

"ಹೊತ್ತ ಹೋಗಾಕ ಹೋಗಿ ಮಂದಿ ಹೋದಾರ."

"ನೀ ಒಬ್ಬಾಕಿ," ಎಂದು ಎದ್ದು ಹೋದ.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಎಲ್ಲರೂ ಹೊಲದಲ್ಲೇ. ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಲೆ, ಎಣ್ಣೆ ಬದನೆಕಾಯಿ ಎಲ್ಲ ಮಾಡಿಕೊಂಡು ಗಾಡಿಯಲ್ಲಿ ಹೋದೆವು. ಸೊಸೆಯ ಅಪ್ಪ, ಅವ್ವ ಮನಗೂಳಿಯಿಂದ ಬಂದಿದ್ದರು. ಹೊಸ ಬೀಗರು, ಮೊದಲ ಎಳ್ಳಮಾವಾಸ್ಯೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ ಮಾಡಿ, ಎಡೆ ಹಿಡಿದೆವು. ಆಮೇಲೆ ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನು ಕಲಸಿ ಹೊಲದ ಸುತ್ತ ಭೂಮಿತಾಯಿಗೆ ಚೆಲ್ಲುತ್ತ ಹೋಗುವುದು. ಚೆಲ್ಲುವವರು ತಲೆಯ ಮೇಲೆ ಕಂಬಳಿ ಹಾಕಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಮಗ ಕಂಬಳಿ ಹಾಕಿಕೊಂಡು, ಬುಟ್ಟಿ ಹಿಡಿದು, ಕೂಗುತ್ತ ಮುಂದೆ ನಡೆದ. ಸೊಸೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ನಡೆದಳು.

ಅವರು ಸುತ್ತು ಹಾಕಿ ಬರುವ ತನಕ ಊಟವಿಲ್ಲ. ಬೀಗತಿ ನನ್ನ ಜೊತೆ ಊಟದ ಎಲೆ ಒರೆಸಲು ಕೂತರು. ಗಂಡಸರು ಎಲ್ಲಿ ಎಂದು ನೋಡಿದೆ. ಇಬ್ಬರೂ ಅಟ್ಟದ ಮೇಲೆ ಇದ್ದರು.

ಎಡೆಯ ತಾಟು ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಹೋದೆ, ಅವರನ್ನು ಕೆಳಗೆ ಇಳಿಸಬೇಕು ಎಂದು. ಬಂದೂಕು ಯಾರ ಕೈಯಲ್ಲಿದ್ದರೂ ನನಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಕೈಯಿಂದ ಏಣಿ ಹಿಡಿದು ಹತ್ತಿದೆ. ನನ್ನ ತಲೆ ಹಲಗೆಯ ಮಟ್ಟಕ್ಕೆ ಬಂತು. ಬೀಗರು ಹಲಗೆಯ ಮೇಲೆ ಬೋರಲು ಮಲಗಿದ್ದರು. ಗಲ್ಲ ಸೊಸೆ ಹೊಲಿದ ಗಾದಿಯ ಮೇಲೆ. ಒಂದು ಕಣ್ಣು ದುರ್ಬೀನಿಗೆ. ಎಡಗೈ ಕಟ್ಟಿಗೆಯ ಮೇಲೆ, ಬಲಗೈ ಹಿಡಿಯ ಮೇಲೆ, ತೋರುಬೆರಳು ಒತ್ತಿದರೆ ಗುಂಡು ಹಾರುವ ಕುದುರೆಯ ಒಳಗೆ. ಎಲ್ಲರೂ ಅಲ್ಲೇ ಇಡುತ್ತಿದ್ದರು ಬೆರಳನ್ನು. ಅದಕ್ಕೆ ಮಾಡಿದ ಜಾಗದ ಹಾಗೆ ಅದು ಸರಿಯಾಗಿ ಕೂಡುತ್ತದಲ್ಲ.

ನಮ್ಮ ಮನೆಯವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿಕೊಡುತ್ತಿದ್ದರು. "ಹಂಗ, ಹಂಗ ತಿರಗಸ್ರಿ. ಈಗ ಆಕಿ ತೊಗರಿ ಸಾಲಿನ ಹಂತೇಕ ಬಂದಿರಬೇಕು ನೋಡ್ರಿ."

"ಬಂದ್ಲು ಬಂದ್ಲು," ಎಂದರು ಬೀಗರು. "ಅಬ್ಬಾ, ಕೈಗೆ ಸಿಗುವಂಗ ಕಾಣತಾಳ್ರಿ."

ನನ್ನ ಕಣ್ಣ ಮುಂದೆ, ಒಂದು ಗೇಣಿನ ಅಂತರದಲ್ಲಿ, ಗುಂಡಿನ ಕಿಸೆಗಳು ಇದ್ದವು. ಐದು ಕಿಸೆ. ನಾಲ್ಕರಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು. ಒಂದು ಕಿಸೆ ಚಪ್ಪಟೆಯಾಗಿತ್ತು.

ಹಿಂದಿನ ದಿನ ಸಂಜೆ ಹೊತ್ತು ಮುಳುಗುವಾಗ ಹಂದಿ ಬಂದಿವೆ ಎಂದು ಇವರು ಹೊಲಕ್ಕೆ ಓಡಿದ್ದರು. ಗುಂಡಿನ ಸಪ್ಪಳ ಕೇಳಿರಲಿಲ್ಲ. ಬಂದು, ಹಂದಿ ತಾವೇ ಹೋದವು ಎಂದಿದ್ದರು.

ನಾನು ನಮ್ಮ ಮನೆಯವರ ಕಡೆ ನೋಡಿದೆ. ಮೆಲ್ಲಗೆ ಕೇಳಿದೆ. "ಐದನೇದು ಎಲ್ಲೈತ್ರಿ?"

"ಏನ್ ಐದನೇದು?"

ನಾನು ಕಿಸೆ ತೋರಿಸಿದೆ. ಅವರು ನೋಡಿದರು. ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿಂದ ಪಕ್ಕದ ಜೇಬಿಗೆ ಹೋಯಿತು. ಅಲ್ಲೂ ಏನೂ ಸಿಗದೆ ಕೈ ನಿಂತಿತು. ಮುಖ ಒಲೆಯ ಬೂದಿಯ ಹಾಗೆ ಆಯಿತು. ನನಗೆ ಬೇರೆ ಉತ್ತರ ಬೇಕಾಗಲಿಲ್ಲ.

ಅದೇ ಹೊತ್ತಿಗೆ ಬೀಗರು ಕಣ್ಣು ತೆಗೆಯದೆ ನನ್ನ ಜೊತೆ ಮಾತಿಗೆ ಶುರು ಮಾಡಿದರು. "ಏನ್ರಿ ಬೀಗತ್ಯಾರ, ನನ್ನ ಮಗಳು ಸೊರಗ್ಯಾಳಲ್ಲ. ಗಲ್ಲದ ಎಲುವು ಎದ್ದ ಕಾಣಾಕತ್ತಾವು. ಹೊಟ್ಟಿಗೆ ಹಾಕ್ತೀರೋ ಇಲ್ಲೋ? ಬರೇ ದುಡಸ್ಕೋತೀರಿ ಅನಸ್ತೈತಿ." ಹೀಗೆ ಹೇಳಿ ನಕ್ಕರು. ನಕ್ಕಾಗ ಅವರ ಹೆಗಲು ಕುಣಿಯಿತು. ಬೆರಳೂ ಕುಣಿಯಿತು.

ನಮ್ಮ ಮನೆಯವರು ಬಾಯಿ ತೆರೆದರು. ನಾನು ಅವರ ಕಾಲಿನ ಮೇಲೆ ಕೈ ಇಟ್ಟು ಜೋರಾಗಿ ಒತ್ತಿದೆ. ಕೂಗಿದರೆ ಬೀಗರು ಬೆಚ್ಚುತ್ತಾರೆ. ಬೆಚ್ಚಿದ ಮನುಷ್ಯನ ಕೈ ಮೊದಲು ಮುಷ್ಟಿ ಹಿಡಿಯುತ್ತದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಹಾಲು ಹಿಂಡುವಾಗ ಬೆಚ್ಚಿ ಎಷ್ಟೋ ಸಲ ಎಮ್ಮೆಯಿಂದ ಒದೆಸಿಕೊಂಡಿದ್ದೇನೆ. ದೂರದಲ್ಲಿ ಮಗ ಚರಗದ ಕೂಗು ಹಾಕುತ್ತಲೇ ಇದ್ದ.

"ಬೀಗರ," ಎಂದೆ. "ಎಡಿ ಪ್ರಸಾದ ತಂದೀನಿ, ತಗೋರಿ."

"ಅಲ್ಲೇ ಇಡ್ರಿ, ಬರ್ತೇನಿ. ಒಂದೀಟ ನೋಡತೇನಿ ತಡೀರಿ."

"ಬನ್ನಿ ಗಿಡದ ಪ್ರಸಾದ ಬೀಗರ. ಹಲಗಿ ಮ್ಯಾಲ ಇಡಬಾರದು. ಬಲಗೈ ಒಡ್ರಿ."

ಪ್ರಸಾದ ಎಂದರೆ ನಮ್ಮಲ್ಲಿ ಯಾರೂ ತಡಮಾಡುವುದಿಲ್ಲ, ಎಡಗೈಯನ್ನೂ ಒಡ್ಡುವುದಿಲ್ಲ. ಬೀಗರಂತೂ ಲಿಂಗಪೂಜೆ ಆಗದೆ ನೀರು ಮುಟ್ಟದವರು. ಕಣ್ಣು ದುರ್ಬೀನಿನಲ್ಲೇ ಇತ್ತು, ಆದರೆ ಬಲಗೈ ಬಂತು. ಕುದುರೆಯ ಒಳಗಿಂದ ಬೆರಳು ಹೊರಗೆ ಬಂತು. ಕೈ ಹಿಂದಕ್ಕೆ ನನ್ನ ಕಡೆ ಚಾಚಿತು. ನಾನು ಹೋಳಿಗೆಯ ತುಣುಕು ಅಂಗೈಯಲ್ಲಿಟ್ಟೆ. ಇಟ್ಟು ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ತಾಟು ಕೆಳಗೆ ಬಿತ್ತು. ಏಣಿ ಬಿಟ್ಟಿದ್ದೆ, ನಾನು ನಿಂತದ್ದು ಅವರ ಕೈಯ ಆಧಾರದಲ್ಲಿ.

ನಮ್ಮ ಮನೆಯವರು ಬಂದೂಕಿನ ಹಿಂಭಾಗ ಹಿಡಿದು ಬಾಯನ್ನು ಮುಗಿಲಿಗೆ ಎತ್ತಿದರು. ಗುಂಡು ಹೊರಗೆ ಹಾಕುವ ಹಿಡಿಕೆ ಒಂದೇ ಸಲಕ್ಕೆ ಸಿಗಲೊಲ್ಲದು. ಕಡೆಗೆ ಎಳೆದರು. ಒಳಗಿಂದ ಗುಂಡು ಜಿಗಿದು ಹಲಗೆಗೆ ಬಡಿದು, ಎರಡು ಹಲಗೆಯ ಸಂದಿಯೊಳಗೆ ಹಾದು ಕೆಳಗೆ ಎರೆಮಣ್ಣಿಗೆ ಬಿತ್ತು.

ಬೀಗರು ಎದ್ದು ಕೂತರು. ಸಂದಿಯನ್ನು ನೋಡಿದರು, ಬಂದೂಕನ್ನು ನೋಡಿದರು, ತೊಗರಿಯ ಸಾಲಿನ ಕಡೆ ನೋಡಿದರು. ಅಲ್ಲಿ ಅವರಿಬ್ಬರೂ ಚೆಲ್ಲುತ್ತ ನಡೆದಿದ್ದರು. ಬರಿಗಣ್ಣಿಗೆ ಎರಡು ಚುಕ್ಕೆ.

"ತುಂಬಿತ್ತೇನ್ರಿ?" ಎಂದರು.

"ಖಾಲಿ ಐತಿ ಅಂತ ತಿಳದಿದ್ನಿ," ಎಂದರು ಇವರು.

ನಾನು ಮೊದಲು ಏಣಿ ಇಳಿದೆ. ಬೀಗರು ಏಣಿ ಇಳಿಯಲು ಹೋಗಿ ಎರಡು ಮೆಟ್ಟಿಲು ಇಳಿದು ಅಲ್ಲೇ ಕೂತರು. ಹೋಳಿಗೆಯ ತುಣುಕು ಇನ್ನೂ ಕೈಯಲ್ಲೇ ಇತ್ತು. ಅದನ್ನು ತಿನ್ನಬೇಕೋ ಬಿಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

ಚರಗ ಚೆಲ್ಲಿ ಮಕ್ಕಳು ಬಂದರು. ಎಲೆ ಹಾಕಿದೆವು, ಎಲ್ಲರೂ ಉಂಡರು. ಏನು ಉಂಡೆ ಎಂದು ನನಗೆ ನೆನಪಿಲ್ಲ. ಬೀಗರು ಕೈ ತೊಳೆದು ಬಂದು ನಮ್ಮ ಮನೆಯವರ ಮುಂದೆ ನಿಂತು, ಮಗಳನ್ನ ಕರಕೊಂಡ ಹೋಗ್ತೇನಿ ಎಂದರು. ಯಾವಾಗ ಕಳಿಸುತ್ತೇನೆ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ಹೋಗವ್ವ ಎಂದೆ.

ಮನೆಗೆ ಬಂದ ಮೇಲೆ ನಾನು ಜಗಳ ಆಡಲಿಲ್ಲ. ಜಗಳಕ್ಕೆ ಕಸುವು ಇರಲಿಲ್ಲ. ಇನ್ನು ಬುದ್ಧಿ ಬಂದಿರಬೇಕು, ತಾವೇ ತೆಗೆಯುತ್ತಾರೆ ಎಂದು ಕಾದೆ. ಸಂಕ್ರಮಣ ಬಂತು, ಸೊಸೆ ಇಲ್ಲದೆ ಹೋಯಿತು. ಮಗ ಮನೆಯಲ್ಲಿ ಮಾತು ಬಿಟ್ಟ. ಒಂದು ದಿನ ಇವರು ಸಿಂದಗಿಯಿಂದ ಬಂದರು, ಕೈಯಲ್ಲಿ ಪೊಟ್ಟಣ.

"ಏನ್ರಿ ಅದು?"

"ಕೀಲಿ. ಕುದುರಿಗೆ ಹಾಕೂದು. ಇದನ್ನ ಹಾಕಿದ್ರ ಯಾರ ಒತ್ತಿದ್ರೂ ಹಾರಾಂಗಿಲ್ಲ. ಮೊಬೈಲನ್ಯಾಗ ತೋರಿಸಿದ್ರು. ಇನ್ನ ಬೀಗರಿಗೆ ಹೇಳಾಕ ಅಡ್ಡಿ ಇಲ್ಲ."

ಅವರ ಮುಖ ನೋಡಿದೆ. ಖುಷಿಯಾಗಿದ್ದರು. ತಪ್ಪಿಗೂ ಒಂದು ಸಾಮಾನು ಸಿಕ್ಕಿತ್ತು ಅವರಿಗೆ. ಹಲಗೆಯ ಮೇಲೆ ಬೂದಿಯಾದ ಮುಖ ಇದೇನಾ ಎನ್ನಿಸಿತು. ಅಟ್ಟದ ಏಣಿಯ ಮೇಲೆ ಆಗದಷ್ಟು ಅಂಜಿಕೆ ನನಗೆ ಆಗ ಆಯಿತು. ಗುಂಡು ಹಾರದಿದ್ದರೂ ಈ ಮನುಷ್ಯ ನಿಲ್ಲುವುದಿಲ್ಲ, ಹಾರಿದರೂ ನಿಲ್ಲಲಿಕ್ಕಿಲ್ಲ.

ಮರುದಿನ ಒಬ್ಬಳೇ ಬಸ್ಸು ಹತ್ತಿದೆ. ಸಿಂದಗಿಯಿಂದ ಬಾಗೇವಾಡಿ, ಬಾಗೇವಾಡಿಯಿಂದ ಮನಗೂಳಿ. ಬೀಗತಿ ಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು. ಬೀಗರು ಎದುರಿಗೆ ಕೂತರು.

"ಬಂದೂಕ ಎಲ್ಲೈತ್ರಿ?"

"ಮನ್ಯಾಗ ಐತಿ."

"ಸಾಮಾನು?"

"ಒಂದ ಹೆಚ್ಚಾಗೈತಿ. ಕೀಲಿ ತಂದಾರ."

ಬೀಗರು ಚಹಾದ ಬಟ್ಟಲು ಕೆಳಗಿಟ್ಟರು. "ಸುಳ್ಳ ಹೇಳಿದ್ರ ಕಳಸ್ತಿದ್ನಿ ಏನೋ. ಖರೆ ಹೇಳಿದ್ರಿ. ಈಗ ಹೆಂಗ ಕಳಸ್ಲಿ ಹೇಳ್ರಿ. ನನ್ನ ಕೈ ಮ್ಯಾಲ ನನಗ ಇನ್ನ ನಂಬಿಗಿ ಬರವಲ್ದು. ಉಣ್ಣೂ ಮುಂದ ಬೆರಳ ನೋಡ್ಕೋತ ಕುಂದರ್ತೇನಿ."

ಸೊಸೆ ಒಳಗಿನಿಂದ ಬಂದು ನನ್ನ ಹತ್ತಿರ ಕೂತಳು. ಸೆರಗಿನ ಅಂಚು ತಿರುವುತ್ತ ಹೇಳಿದಳು. "ಅತ್ತಿ, ಅವತ್ತ ಅಪ್ಪ ಅಟ್ಟದ ಮ್ಯಾಲಿಂದ ನೋಡಾಕತ್ತಾನ ಅಂತ ನನಗ ಗೊತ್ತಿತ್ತು. ಗಾಜ ಹೊಳೀತು. ತಂಬಿಗಿ ಎಡಗೈಯಾಗ ಹಿಡಕೊಂಡು ಬಲಗೈ ಮಾಡಿದ್ನಿ. ನಕ್ನಿ. ಚೊಲೋ ಕಾಣ್ಲಿ ಅಂತ ಅಲ್ಲೇ ನಿಂತ್ನಿ."

ಬಾ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಬರುತ್ತಿದ್ದಳು, ಅಂಥವಳೇ ಅವಳು. ಅದಕ್ಕೇ ಹೇಳಲಿಲ್ಲ. ಮುಂದಿನ ಬಸ್ಸಿಗೇ ತಿರುಗಿ ಹೊರಟೆ.

ಮನೆಯಲ್ಲಿ ಗಂಡ, ಮಗ ಇಬ್ಬರೂ ಪಡಸಾಲೆಯಲ್ಲಿ ಇದ್ದರು. ಸೊಸೆ ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಹೇಳಿದೆ. ನನ್ನ ಕಡೆಯಿಂದ ಒಂದು ಅಕ್ಷರ ಸೇರಿಸಲಿಲ್ಲ. ಇವರು, ಅದಕ್ಕ ಕೀಲಿ ತಂದೇನಲ್ಲ, ಎಂದು ಶುರು ಮಾಡಿದರು. ಮಗ ತಲೆ ಎತ್ತಿದ. ಅವನು ಅಪ್ಪನ ಎದುರು ಮಾತಾಡಿದವನಲ್ಲ.

"ಅಪ್ಪಾ, ತೊಗರಿ ಸಾಲಿನ್ಯಾಗ ನಾ ಮುಂದಿದ್ನಿ, ಆಕಿ ಹಿಂದಿದ್ಲು. ಒಂದ ಮೊಳ ಅಂತರಾ ಇರಲಿಲ್ಲ. ಒಂದ ಗುಂಡಿಗೆ ಇಬ್ರೂ ಹೋಗ್ತಿದ್ವಿ. ನೀವು ಮತ್ತ ಯಾರನ್ನ ದುರ್ಬೀನದಾಗ ನೋಡ್ತಿದ್ರಿ?"

ಇಷ್ಟು ಹೇಳಿ ಎಮ್ಮೆಗೆ ನೀರು ಕುಡಿಸಲು ಹೋದ. ಇವರು ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು. ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಬಾಗಿಲ ಕಡೆಗೇ ಕಿವಿ. ಸಿಟ್ಟಾಗಿ ಎದ್ದು ತಿಜೋರಿ ತೆಗೆದರೆ ಏನು ಗತಿ ಎಂದು ಜೀವವೆಲ್ಲ ಅಲ್ಲೇ ಇತ್ತು. ತೆಗೆದರು. ತಿಜೋರಿಯ ಬಾಗಿಲಿನ ಸಪ್ಪಳ ಕೇಳಿ ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿತು.

ಬಂದೂಕನ್ನು ಪಡಸಾಲೆಗೆ ತಂದು ಒಂದೊಂದೇ ಬಿಚ್ಚತೊಡಗಿದರು. ಮೊದಲು ದುರ್ಬೀನು, ಆಮೇಲೆ ಕಾಲು, ಪಟ್ಟಿ, ರಬ್ಬರು, ಗಾದಿ. ಏರಿಸುವಾಗ ತಿಂಗಳುಗಟ್ಟಲೆ ಹಿಡಿದಿತ್ತು, ಇಳಿಸುವಾಗಲೂ ಸಂಜೆ ಪೂರಾ ಹಿಡಿಯಿತು. ಒಂದು ತಿರುಪು ಜಂಗು ಹಿಡಿದಿತ್ತು, ಅದಕ್ಕೆ ಕೊಬ್ಬರಿ ಎಣ್ಣೆ ಬೇಡಿದರು. ಕೊಟ್ಟೆ. ಕಡೆಗೆ ಉಳಿದ ಬಂದೂಕು ಬಹಳ ಸಣ್ಣದಾಗಿ ಕಂಡಿತು. ನನಗೆ ಕನಿಕರ ಬರಲಿಲ್ಲ, ಅವರ ಮೇಲೂ ಇಲ್ಲ, ಅದರ ಮೇಲೂ ಇಲ್ಲ.

ಮರುದಿನ ಅಪ್ಪ ಮಗ ಇಬ್ಬರೂ ಸಿಂದಗಿಗೆ ಹೋಗಿ ಪೊಲೀಸ್ ಠಾಣೆಯಲ್ಲಿ ಬಂದೂಕು, ಗುಂಡು ಒಪ್ಪಿಸಿ, ಇನ್ನು ಲೈಸೆನ್ಸು ಬೇಡ ಎಂದು ಬರೆದುಕೊಟ್ಟು ಬಂದರು.

ದುರ್ಬೀನನ್ನು ಇಂಡಿಯ ಗೆಳೆಯನಿಗೆ ತಿರುಗಿ ಕೊಡುತ್ತೇನೆ ಎಂದರು. ಅವರ ಮನೆಯಲ್ಲೂ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿದ್ದಾರೆ ಎಂದೆ. ಮಗ ಅದನ್ನು ಕೊಡಲಿಯ ಹಿಂಬದಿಯಿಂದ ಜಜ್ಜಿ ತಿಪ್ಪೆಗೆ ಹಾಕಿದ. ಈಗ ಹಂದಿ ಬಂದರೆ ಪಟಾಕಿ ಹಾರಿಸುತ್ತೇವೆ. ಹಂದಿಗಳಿಗೆ ಏನೂ ಫರಕು ಬಿದ್ದಿಲ್ಲ. ಅವು ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತವೆ.

ಅಂಜಿಕೆ ಬಂದೂಕಿನ ಜೊತೆ ಹೋಗಲಿಲ್ಲ. ಹೋದೀತು ಎಂದುಕೊಂಡಿದ್ದೆ. ಈಗಲೂ ಬದುವಿನ ಮೇಲೆ ನಡೆಯುವಾಗ ಏನಾದರೂ ಹೊಳೆದರೆ, ಯಾರದೋ ತಗಡು, ಯಾರದೋ ಬಿಂದಿಗೆ, ಕಾಲು ತಾನೇ ನಿಲ್ಲುತ್ತದೆ.

ಮನಗೂಳಿಗೆ ಫೋನು ಮಾಡಿ, ಬಂದೂಕು ಹೋಯಿತು ಎಂದು ನಾನೇ ಹೇಳಿದೆ. ಬೀಗರು ಮಗಳನ್ನು ಬಸ್ಸಿಗೆ ಹತ್ತಿಸಿದರು, ಮಗ ಸಿಂದಗಿಗೆ ಹೋಗಿ ಕರೆದುಕೊಂಡು ಬಂದ. ನಾನು ಕಾಲಿಗೆ ಹಾಕಲು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸೊಸೆ ಚಪ್ಪಲಿ ಬಿಟ್ಟಳು. ನೀರು ಹಾಕಿಕೊಳ್ಳಲಿಲ್ಲ, ನನ್ನನ್ನು ದಾಟಿಕೊಂಡು ಧೂಳುಗಾಲಿನಲ್ಲೇ ಖೋಲಿಗೆ ಹೋದಳು. ತಿಜೋರಿಯ ಬಾಗಿಲು ತೆಗೆದ ಸಪ್ಪಳವಾಯಿತು. ನನ್ನ ಸೀರೆಗಳನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಆಮೇಲೆ ಮಂಚ ಜರುಗಿಸಿದಳು, ಹಾಸಿಗೆ ಮಗುಚಿದಳು. ನಮ್ಮ ಮನೆಯವರು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮಗ ಅವಳನ್ನು ಕರೆಯಲು ಹೊರಟ, ನಾನು ಕಣ್ಣಿನಲ್ಲೇ ಬೇಡ ಎಂದೆ.

ತಂಬಿಗೆ ತುಂಬ ನೀರಿತ್ತು, ಕೈ ನೋಯುತ್ತಿತ್ತು. ಬೇಗ ಬಾ ಎನ್ನಲಿಲ್ಲ. ಒಂದು ಮೂಲೆಯನ್ನೂ ಬಿಡದೆ ಹುಡುಕಲಿ ಎಂದು ನಿಂತೇ ಇದ್ದೆ.